ಒಂದು ರಾತ್ರಿಯ ಅಳತೆ: ಪಡುಗಡಲಿನ ಹಾಯಿಯಾನ ಮತ್ತು ಕನ್ನಡದ ಭಾಷಾಚರಿತ್ರೆ

ಕರ್ನಾಟಕದ ಆಚೆಗಿನ ಕನ್ನಡದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ನೆಲದ ದಾರಿಯನ್ನೇ ಹಿಡಿದಿದ್ದಾರೆ. ಅದಕ್ಕೆ ತಕ್ಕ ಕಾರಣವೂ ಇದೆ. ತೇನಿ, ಕಂಬಂ ಕಣಿವೆ ಹಾಗೂ ದಿಂಡಿಗಲ್ಲಿನ ಸುತ್ತ ನೆಲೆಸಿರುವ ಕಪ್ಪಿಲಿಯರು, ಅನುಪ್ಪರು, ಒಕ್ಕಲಿಗರು, ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು, ಇವರೆಲ್ಲರ ವಲಸೆಯ ನೆನಪುಗಳು ನದಿ ದಾಟಿದ, ಘಟ್ಟ ಇಳಿದ, ಕಾಡು ಕಡಿದು ಒಕ್ಕಲು ಹೂಡಿದ ನೆನಪುಗಳೇ ಆಗಿವೆ. ಕಪ್ಪಿಲಿಯರು ತುಂಗಭದ್ರೆಯ ದಂಡೆಯಿಂದ ತೆಂಕಣಕ್ಕೆ ಬಂದವರೆಂಬ ಐತಿಹ್ಯವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ತನ್ನ ಸಂಪುಟಗಳಲ್ಲಿ ದಾಖಲಿಸಿದ್ದಾನೆ. ಇಂತಹ ವಲಸೆಗೆ ಒಂದು ದಿಕ್ಕು ಇರುತ್ತದೆ, ಒಂದು ಆರಂಭವೂ ಒಂದು ಕೊನೆಯೂ ಇರುತ್ತವೆ. ಹೋದವರು ಹಿಂತಿರುಗುವುದಿಲ್ಲ. ಅವರೊಡನೆ ಹೋದ ಮಾತು ಹೊಸ ನೆಲದಲ್ಲಿ ಬೇರೂರಿ, ಬರಹದ ಆಸರೆಯಿಲ್ಲದೆ ಮನೆಯೊಳಗೆ ಉಳಿಯುತ್ತದೆ.

ಈ ಮಾದರಿ ಕಂಬಂ ಕಣಿವೆಗೆ ಒಪ್ಪುವಷ್ಟು ಕಾಸರಗೋಡಿಗಾಗಲೀ ಕಾರವಾರದ ಆಚೆಗಿನ ಗೋವೆಗಾಗಲೀ ಒಪ್ಪುವುದಿಲ್ಲ. ಅಲ್ಲಿ ಕನ್ನಡ ಒಮ್ಮೆ ಹೋಗಿ ನೆಲೆಸಿದ ಭಾಷೆಯಲ್ಲ. ವರ್ಷ ವರ್ಷವೂ ಹೋಗಿ ಬರುತ್ತಿದ್ದ ಜನರ ನಡುವೆ, ಇತರ ನಾಲ್ಕಾರು ಭಾಷೆಗಳ ಜೊತೆಗೆ ಬಾಳಿದ ಭಾಷೆ. ಆ ಹೋಗಿ ಬರುವಿಕೆಯ ಮುಖ್ಯ ದಾರಿ ಬಹುಕಾಲ ಕಡಲೇ ಆಗಿತ್ತು. ದಂಡೆಗುಂಟ ರಸ್ತೆಯಲ್ಲಿ ಸಾಗುವವನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸೀತಾ, ಸ್ವರ್ಣಾ, ಶಾಂಭವಿ, ನೇತ್ರಾವತಿ, ಚಂದ್ರಗಿರಿ ಹೀಗೆ ಒಂದರ ಹಿಂದೊಂದು ನದಿಗೆ ದೋಣಿ ಹುಡುಕಬೇಕಾಗಿತ್ತು. ಕಡಲಲ್ಲಿ ಸಾಗುವವನಿಗೆ ಆ ನದಿಗಳು ಅಡ್ಡಿಯಾಗಿರದೆ ತಂಗುದಾಣಗಳಾಗಿದ್ದವು. ಈ ಸಾಮಾನ್ಯ ಸಂಗತಿಯನ್ನು ಮರೆತರೆ ಕರಾವಳಿಯ ಭಾಷಾಚರಿತ್ರೆಯಲ್ಲಿ ಒಂದು ಮುಖ್ಯ ಅಳತೆಯೇ ತಪ್ಪಿಹೋಗುತ್ತದೆ. ಆ ಅಳತೆ ಹರದಾರಿಯೂ ಅಲ್ಲ, ತಾಲ್ಲೂಕಿನ ಎಲ್ಲೆಯೂ ಅಲ್ಲ. ಅದು ಹಾಯಿದೋಣಿಯೊಂದು ದಂಡೆಗುಂಟ ಒಂದು ರಾತ್ರಿಯಲ್ಲಿ ಸಾಗಬಲ್ಲ ದೂರ.

ನೆಲಗಾಳಿ, ಕಡಲಗಾಳಿ

ರಾತ್ರಿಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ಗಾಳಿಯಲ್ಲಿದೆ. ಹಗಲು ಬಿಸಿಲಿಗೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ; ನೆಲದ ಮೇಲಿನ ಗಾಳಿ ಮೇಲೇರಿ, ಆ ಜಾಗಕ್ಕೆ ಕಡಲಿನಿಂದ ತಂಪುಗಾಳಿ ನುಗ್ಗುತ್ತದೆ. ಇರುಳಲ್ಲಿ ನೆಲ ಬೇಗ ತಣಿಯುತ್ತದೆ, ಕಡಲು ತನ್ನ ಕಾವನ್ನು ಉಳಿಸಿಕೊಂಡಿರುತ್ತದೆ. ಆಗ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಬೆನ್ನಿಗೆ ಸಹ್ಯಾದ್ರಿಯ ಗೋಡೆಯಿರುವ ಕನ್ನಡ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಈ ಹೊಯ್ದಾಟ ಗಡಿಯಾರದಂತೆ ನಡೆಯುತ್ತದೆ. ನಡುಹಗಲಿನಿಂದ ಸಂಜೆಯವರೆಗೆ ವಾಯುವ್ಯದ ಕಡಲಗಾಳಿ, ಸೂರ್ಯ ಮುಳುಗಿದ ಮೇಲೆ ಕೆಲಹೊತ್ತು ನಿಶ್ಚಲತೆ, ಇರುಳು ಏರಿದಂತೆ ಮೂಡಣದ ನೆಲಗಾಳಿ, ಬೆಳಗು ಕಳೆಯುತ್ತಿದ್ದಂತೆ ಮತ್ತೆ ನಿಶ್ಚಲತೆ. ಮಾಗಿಯ ತಿಂಗಳುಗಳಲ್ಲಿ ನೆಲಗಾಳಿ ಬಲವಾಗಿರುತ್ತದೆ. ಬೇಸಗೆ ಏರಿದಂತೆ ಅದು ಸೊರಗಿ, ವಾಯುವ್ಯದ ಗಾಳಿಯ ಕೈ ಮೇಲಾಗುತ್ತದೆ.

ದಂಡೆಯ ದಿಕ್ಕನ್ನು ಗಮನಿಸಿದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಕರಾವಳಿ ಸ್ಥೂಲವಾಗಿ ಬಡಗುವಾಯುವ್ಯದಿಂದ ತೆಂಕಾಗ್ನೇಯಕ್ಕೆ ಚಾಚಿದೆ. ಆದ್ದರಿಂದ ತೆಂಕಣಕ್ಕೆ ಹೋಗುವ ದೋಣಿಗೆ ಹಗಲಿನ ವಾಯುವ್ಯದ ಗಾಳಿ ಬೆನ್ನಿನ ಬಲ, ಇರುಳಿನ ಮೂಡುಗಾಳಿ ಪಕ್ಕದ ಬಲ, ಎರಡೂ ಅನುಕೂಲವೇ. ಬಡಗಣಕ್ಕೆ ಹೋಗುವ ದೋಣಿಯ ಪಾಡು ಬೇರೆ. ಹಗಲಿನ ಗಾಳಿ ಮೂತಿಗೆ ಎದುರಾಗಿ ಬರುತ್ತದೆ. ಪಡುಗಡಲಿನ ದೋಣಿಗಳ ಹಾಯಿ ಮುಕ್ಕೋನದ್ದು. ಬಾಗಿದ ಕೂವೆಮರಕ್ಕೆ ಓರೆಯಾಗಿ ಕಟ್ಟಿದ ಉದ್ದನೆಯ ದಬ್ಬೆಯಿಂದ ಅದು ಇಳಿಬಿದ್ದಿರುತ್ತದೆ. ಅಂತಹ ಹಾಯಿ ಗಾಳಿಗೆ ಓರೆಯಾಗಿ ಸಾಗಬಲ್ಲುದಾದರೂ, ಮಗ್ಗುಲು ಬದಲಿಸಬೇಕಾದಾಗ ದೋಣಿಯನ್ನು ಗಾಳಿಗೆ ಬೆನ್ನು ಮಾಡಿ ದೊಡ್ಡ ಸುತ್ತು ಹಾಕಿಸಿ, ಭಾರವಾದ ದಬ್ಬೆಯನ್ನು ಮರದ ಇನ್ನೊಂದು ಬದಿಗೆ ಸಾಗಿಸಬೇಕಾಗುತ್ತದೆ. ಪ್ರತಿ ಸಲವೂ ಗಳಿಸಿದ ದೂರದಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಹೀಗಾಗಿ ಬಡಗಣದ ಯಾನಿಕನಿಗೆ ನಿಜವಾದ ದಾರಿ ತೆರೆಯುತ್ತಿದ್ದುದು ಕತ್ತಲಾದ ಮೇಲೆ. ನೆಲಗಾಳಿ ಮಗ್ಗುಲಿಗೆ ಬೀಸುವ ಆ ಹೊತ್ತಿನಲ್ಲಿ ಅವನು ದಂಡೆಗೆ ಹತ್ತಿರವಾಗಿ, ಅಲೆಯ ಏರಿಳಿತ ಕಡಿಮೆಯಿರುವ ನೀರಿನಲ್ಲಿ, ಒಂದೇ ಮಗ್ಗುಲಿನಲ್ಲಿ ಸಾಗಬಹುದಾಗಿತ್ತು. ನವೆಂಬರಿನಿಂದ ಫೆಬ್ರವರಿಯವರೆಗೆ ದಂಡೆಗುಂಟ ಬಡಗಣಕ್ಕೆ ಹರಿಯುವ ಸಾಗರಪ್ರವಾಹವೂ ಅವನಿಗೆ ನೆರವಾಗುತ್ತಿತ್ತು.

ಈ ಲೆಕ್ಕಾಚಾರಕ್ಕೆ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಸಾಕ್ಷ್ಯವಿದೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲವಣದಿಂದ ಹೊರಟು, ಕಡಲ ದಾರಿಯಲ್ಲಿ ಗೋವೆಯನ್ನು ದಾಟಿ ಬಸರೂರಿನ ಮೇಲೆ ಎರಗಿದ. ಹೋಗುವಾಗ ನೌಕಾಪಡೆ ವೇಗವಾಗಿಯೇ ಸಾಗಿತು, ಪೇಟೆ ಎಚ್ಚೆತ್ತುಕೊಳ್ಳುವ ಮೊದಲೇ ಸೂರೆಯಾಯಿತು. ಹಿಂತಿರುಗುವಾಗ ವಾಯುವ್ಯದ ಬಿರುಗಾಳಿ ಹಲವು ದಿನ ಅವನನ್ನು ತಡೆಯಿತೆಂದು ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಹೇಳುತ್ತಾನೆ. ಶಿವಾಜಿ ಖುದ್ದಾಗಿ ಮುನ್ನಡೆಸಿದ ಕಡಲ ದಂಡಯಾತ್ರೆ ಇದೊಂದೇ ಎನ್ನಲಾಗುತ್ತದೆ. ಇದನ್ನು ಕೇವಲ ದುರದೃಷ್ಟವೆಂದು ಓದಬೇಕಾಗಿಲ್ಲ. ಮಾಗಿ ಕಳೆದು ನೆಲಗಾಳಿ ಸೊರಗುವ ಹೊತ್ತಿಗೆ ದೊಡ್ಡ ಪಡೆಯೊಂದು ಬಡಗಣಕ್ಕೆ ಹೊರಟರೆ ಆಗಬಹುದಾದ್ದೇ ಅಲ್ಲಿ ಆಯಿತು. ಸಣ್ಣ ದೋಣಿಯ ತಂಡೇಲನೊಬ್ಬ ಇರುಳಿನ ಗಾಳಿಗಾಗಿ ಅಳಿವೆಯೊಳಗೆ ಕಾದು ಕುಳಿತಿರುತ್ತಿದ್ದ. ಎಂಬತ್ತಕ್ಕೂ ಮಿಕ್ಕ ನೌಕೆಗಳ ಪಡೆಗೆ ಹಾಗೆ ಕಾಯುವ ಸ್ವಾತಂತ್ರ್ಯವಿರಲಿಲ್ಲ.

ಅಳಿವೆಯ ಬಾಗಿಲು

ಗಾಳಿಯ ಜೊತೆಗೆ ಇನ್ನೊಂದು ಕಟ್ಟುಪಾಡು ಇತ್ತು: ಅಳಿವೆ. ಈ ಕರಾವಳಿಯ ಹಳೆಯ ಬಂದರುಗಳಲ್ಲಿ ಬಹುಪಾಲು ನದೀಮುಖದ ಒಳಗಿನವು. ನದಿ ಕಡಲಿಗೆ ಸೇರುವಲ್ಲಿ ಮರಳಿನ ದಿಬ್ಬ ಅಡ್ಡಲಾಗಿ ಬೆಳೆಯುತ್ತದೆ. ಪ್ರತಿ ಮಳೆಗಾಲವೂ ಅದರ ಜಾಗ ಬದಲಾಗುತ್ತದೆ. ಸರಕು ತುಂಬಿದ ದೋಣಿ ಆ ದಿಬ್ಬವನ್ನು ಉಬ್ಬರದ ನೀರಿನಲ್ಲಿ, ಕಣ್ಣಿಗೆ ಅಲೆ ಒಡೆಯುವ ಗೆರೆ ಕಾಣುವ ಬೆಳಕಿನಲ್ಲಿ ಮಾತ್ರ ದಾಟಬಹುದು. ಅಂದರೆ ಕತ್ತಲೆಯಲ್ಲಿ ಸಾಗಬಹುದು, ಕತ್ತಲೆಯಲ್ಲಿ ಒಳನುಗ್ಗುವಂತಿಲ್ಲ.

ಈ ಎರಡು ನಿಯಮಗಳು ಸೇರಿ ಯಾನಕ್ಕೆ ಒಂದು ನಿಶ್ಚಿತ ರೂಪ ಕೊಟ್ಟವು. ಸಂಜೆಯ ಇಳಿತದಲ್ಲಿ ಅಳಿವೆ ದಾಟಿ ಹೊರಗೆ ಲಂಗರು ಹಾಕುವುದು. ನೆಲಗಾಳಿ ಎದ್ದೊಡನೆ ಹಾಯಿ ಏರಿಸುವುದು. ಇರುಳಿಡೀ ಸಾಗಿ ಬೆಳಗಿನ ಬೆಳಕಿನಲ್ಲಿ ಮುಂದಿನ ಅಳಿವೆಯ ಎದುರು ನಿಲ್ಲುವುದು. ಉಬ್ಬರ ಬಂದು ನಡುಹಗಲಿನ ಕಡಲಗಾಳಿ ಎದ್ದಾಗ ಅದನ್ನೇ ಬೆನ್ನಿಗೆ ಪಡೆದು ಒಳಗೆ ಸೇರುವುದು. ಹೊರಡಿಸುವುದು ನೆಲಗಾಳಿ, ಒಳಗೆ ಕರೆದೊಯ್ಯುವುದು ಕಡಲಗಾಳಿ. ಉಬ್ಬರ ಇಳಿತಗಳು ದಿನದಿನಕ್ಕೂ ಸುಮಾರು ಐವತ್ತು ನಿಮಿಷ ಹಿಂದೆ ಸರಿಯುವುದರಿಂದ ಗಾಳಿಯ ಹೊತ್ತೂ ನೀರಿನ ಹೊತ್ತೂ ಪ್ರತಿದಿನ ಕೂಡಿಬರುತ್ತಿರಲಿಲ್ಲ. ತಿಥಿಯ ಲೆಕ್ಕ ಬಲ್ಲ ತಂಡೇಲನಿಗೆ ಹೊರಡುವ ದಿನವನ್ನು ಆರಿಸುವುದೇ ಅರ್ಧ ವಿದ್ಯೆಯಾಗಿತ್ತು.

ಹಗುರವಾದ ನೆಲಗಾಳಿಯಲ್ಲಿ ತುಂಬಿದ ದೋಣಿಯೊಂದು ಮೂರು ನಾಲ್ಕು ನಾಟ್ ವೇಗದಲ್ಲಿ ಸಾಗಿತೆಂದು ಇಟ್ಟುಕೊಂಡರೆ, ಎಂಟೊಂಬತ್ತು ಗಂಟೆಗಳ ಗಾಳಿಯಲ್ಲಿ 45ರಿಂದ 65 ಕಿಲೋಮೀಟರ್ ಕ್ರಮಿಸುತ್ತದೆ. ಈ ಅಂಕಿಯನ್ನು ಭೂಪಟದ ಮೇಲಿಟ್ಟು ನೋಡಬೇಕು. ಕಾಸರಗೋಡಿನ ಚಂದ್ರಗಿರಿ ಅಳಿವೆಯಿಂದ ಮಂಗಳೂರಿಗೆ ನಲವತ್ತಕ್ಕೂ ಮಿಕ್ಕ ಕಿಲೋಮೀಟರ್. ಮಂಗಳೂರಿನಿಂದ ಮಲ್ಪೆಗೆ ಐವತ್ತೈದರ ಆಸುಪಾಸು. ಮಲ್ಪೆಯಿಂದ ಗಂಗೊಳ್ಳಿಗೆ, ಗಂಗೊಳ್ಳಿಯಿಂದ ಭಟ್ಕಳಕ್ಕೆ, ಭಟ್ಕಳದಿಂದ ಹೊನ್ನಾವರಕ್ಕೆ ಮೂವತ್ತರಿಂದ ನಲವತ್ತು. ಹೊನ್ನಾವರದಿಂದ ಕಾರವಾರಕ್ಕೆ ಅರವತ್ತಕ್ಕೂ ಮಿಕ್ಕು. ಯಾವ ಎರಡು ನೆರೆಯ ಬಂದರುಗಳ ನಡುವಿನ ದೂರವೂ ಒಂದು ಇರುಳನ್ನು ಮೀರುವುದಿಲ್ಲ. ಕಾಸರಗೋಡಿನಿಂದ ಕಾರವಾರದವರೆಗಿನ ಸುಮಾರು 270 ಕಿಲೋಮೀಟರ್ ದಂಡೆ ಗಾಳಿ ಒಲಿದರೆ ಐದಾರು ರಾತ್ರಿಗಳ ದಾರಿ. ಬಂದರುಗಳನ್ನು ಯಾರೂ ಹೀಗೆ ಅಳೆದು ಕಟ್ಟಲಿಲ್ಲ. ನದಿಗಳು ತಾವಾಗಿಯೇ ಹೀಗೆ ಹರಿದವು. ಆದರೆ ಯಾವ ಅಳಿವೆ ಪೇಟೆಯಾಗಿ ಬೆಳೆಯಬೇಕು, ಯಾವುದು ಮೀನುಗಾರರ ಕೇರಿಯಾಗಿಯೇ ಉಳಿಯಬೇಕು ಎಂಬುದರಲ್ಲಿ ಈ ಅಂತರಕ್ಕೆ ಪಾಲಿತ್ತೆಂದು ತಿಳಿಯಲು ಅವಕಾಶವಿದೆ.

ಇರುಳಿನ ಯಾನದಲ್ಲಿ ನಕ್ಷತ್ರಗಳ ಪಾತ್ರವನ್ನು ಹೆಚ್ಚಿಸಿ ಹೇಳುವ ರೂಢಿಯಿದೆ. ಅರಬ್ಬೀ ಕಡಲನ್ನು ಅಡ್ಡ ದಾಟುವ ನಾವಿಕರು ಧ್ರುವದ ಎತ್ತರವನ್ನು ಬೆರಳಿನ ಅಳತೆಯಲ್ಲಿ, ಇಸ್ಬಾ ಎಂಬ ಮಾನದಲ್ಲಿ ಅಳೆಯುತ್ತಿದ್ದುದು ನಿಜ. ಒಂದು ಇಸ್ಬಾ ಸುಮಾರು ಒಂದೂವರೆ ಅಂಶಕ್ಕಿಂತ ತುಸು ಹೆಚ್ಚು. ಮಂಗಳೂರಿನಿಂದ ಕಾರವಾರಕ್ಕೆ ಅಕ್ಷಾಂಶದ ವ್ಯತ್ಯಾಸ ಎರಡು ಅಂಶಕ್ಕೂ ಕಡಿಮೆ. ಅಂದರೆ ಇಡೀ ದಂಡೆ ಒಂದು ಬೆರಳಿಗಿಂತ ಸ್ವಲ್ಪ ಹೆಚ್ಚು. ದಂಡೆಗುಂಟ ಹೋಗುವವನಿಗೆ ಆ ಅಳತೆಯಿಂದ ಪ್ರಯೋಜನ ಕಡಿಮೆ. ಅವನಿಗೆ ಬೇಕಾದುದು ಬೆಟ್ಟಗಳ ಕಪ್ಪು ಅಂಚು, ನೀರಿನ ಆಳ, ಅಲೆಯ ಸದ್ದು, ನೆಲಗಾಳಿ ಹೊತ್ತು ತರುವ ಹೊಗೆ ಮತ್ತು ಕೆಸರಿನ ವಾಸನೆ. 1894 ಮೀಟರ್ ಎತ್ತರದ ಕುದುರೆಮುಖಕ್ಕೆ ಆ ಹೆಸರು ಬಂದದ್ದು ಕಡಲಿನಿಂದ ನೋಡಿದಾಗ ತೋರುವ ಆಕಾರದಿಂದ ಎಂದೂ, ನಾವಿಕರಿಗೆ ಅದು ಗುರುತಾಗಿತ್ತೆಂದೂ ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಮಲೆನಾಡಿನ ನಡುವಿನ ಶಿಖರವೊಂದನ್ನು ಕಡಲಿನ ಕಣ್ಣು ಗುರುತಿಸುತ್ತಿತ್ತೆಂಬುದು ಕನ್ನಡ ನಾಡಿನ ಸ್ಥಳನಾಮ ಅಧ್ಯಯನದಲ್ಲಿ ಸಿಗಬೇಕಾದಷ್ಟು ಗಮನ ಪಡೆದಿಲ್ಲ. ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ; ಅದಕ್ಕೆ ಮುಂಚಿನ ಎಷ್ಟೋ ನೂರು ವರ್ಷ ಆ ಬಂಡೆಗಳ ಸಾಲನ್ನು ದೋಣಿಗಳು ನೆನಪಿನ ಬೆಳಕಿನಲ್ಲಿಯೇ ಬಳಸಿ ದಾಟಿದ್ದವು.

ದಾಖಲೆಯ ತುಣುಕುಗಳು

ಈ ಯಾನದ ಚರಿತ್ರೆಗೆ ಸಿಗುವ ಲಿಖಿತ ಆಧಾರಗಳು ಚದುರಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಅನ್ಯಭಾಷೆಗಳಲ್ಲಿವೆ. ಗೋವೆಯ ಕದಂಬರ ಶಾಸನಗಳ ಪ್ರಕಾರ ದೊರೆ ಗೂಹಲ್ಲದೇವ ಸೋಮನಾಥಕ್ಕೆ ಕಡಲ ದಾರಿಯಲ್ಲಿ ಹೊರಟಾಗ ನೌಕೆಯ ಕೂವೆಮರ ಮುರಿದು, ಗೋವೆಯ ಬಂದರನ್ನು ಆಶ್ರಯಿಸಬೇಕಾಯಿತು. ಅಲ್ಲಿ ಅವನಿಗೆ ನೆರವಾದವನು ತಾಜಿಕ ಮೂಲದ ಒಬ್ಬ ವರ್ತಕ. ಆ ವರ್ತಕನ ವಂಶದವರು ಮುಂದೆ ಕದಂಬರ ಆಡಳಿತದಲ್ಲಿ ಉನ್ನತ ಸ್ಥಾನಕ್ಕೆ ಬಂದರು. ಅರಸನ ಪ್ರಾಣ ಉಳಿದ ಪ್ರಸಂಗವಾದ್ದರಿಂದ ಇದು ಶಾಸನಕ್ಕೆ ಏರಿತು. ಮರ ಮುರಿದ ಸಾಮಾನ್ಯ ದೋಣಿಗಳ ಕಥೆ ಯಾವ ತಾಮ್ರಪಟಕ್ಕೂ ಏರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಕಾಗದಗಳು ಕೈರೋದ ಗೆನಿಜಾ ಸಂಗ್ರಹದಲ್ಲಿ ಉಳಿದಿವೆ. ಅವು ಅರಬ್ಬೀ ನುಡಿಯವು, ಹೀಬ್ರೂ ಲಿಪಿಯವು. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ ಸೇವಕನ ಹೆಸರು ಬೊಮ್ಮ. ಹೆಸರು ಈ ದಂಡೆಯದು, ಅದು ಉಳಿದ ಲಿಪಿ ಇನ್ನೊಂದು ದಂಡೆಯದು. ಕರಾವಳಿಯ ದಾಖಲೆಗಳ ಸ್ವಭಾವವೇ ಈ ಒಂದು ಹೆಸರಿನಲ್ಲಿ ಅಡಗಿದೆ.

ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಇಬ್ನ್ ಬತೂತಾ ಹೊನ್ನಾವರದಿಂದ ತೆಂಕಣಕ್ಕೆ ಹೊರಟು ಬಸರೂರು, ಬಾರಕೂರು, ಮಂಗಳೂರುಗಳನ್ನು ಒಂದೊಂದಾಗಿ ಮುಟ್ಟಿದ. ಅವನ ಬರವಣಿಗೆಯಲ್ಲಿ ಅಬೂಸರೂರ್, ಫಾಕನೂರ್, ಮಂಜರೂರ್ ಎಂದು ಬರುವ ಈ ಹೆಸರುಗಳ ಸಾಲು ಅಳಿವೆಯಿಂದ ಅಳಿವೆಗೆ ಹೋಗುವ ಯಾನದ ಪಟ್ಟಿಯಂತೆಯೇ ಇದೆ. ಬಂದರಿನ ಎದುರು ಹಾದುಹೋಗುವ ನೌಕೆ ಅಲ್ಲಿ ತಂಗಿ, ಬಂದರಿನ ಹಕ್ಕು ಎಂಬ ಕಾಣಿಕೆ ಸಲ್ಲಿಸಬೇಕೆಂದೂ, ತಪ್ಪಿಸಿಕೊಂಡು ಹೋದರೆ ಅರಸನ ದೋಣಿಗಳು ಬೆನ್ನಟ್ಟುತ್ತಿದ್ದವೆಂದೂ ಅವನು ಬಾರಕೂರಿನ ಸಂದರ್ಭದಲ್ಲಿ ಬರೆದಿದ್ದಾನೆ. ಮುಂದೊಮ್ಮೆ ಅದೇ ಕಡಲಲ್ಲಿ ಬಡಗಣಕ್ಕೆ ಮರಳುವಾಗ, ಹೊನ್ನಾವರಕ್ಕೂ ಬಾರಕೂರಿಗೂ ನಡುವಣ ಸಣ್ಣ ದ್ವೀಪವೊಂದರ ಬಳಿ ಹನ್ನೆರಡು ದೋಣಿಗಳಲ್ಲಿ ಬಂದ ಕಡಲುಗಳ್ಳರು ಅವನನ್ನು ಉಟ್ಟ ಬಟ್ಟೆಯಷ್ಟೇ ಉಳಿಯುವಂತೆ ದೋಚಿದರು. ಆ ದ್ವೀಪ ಇಂದಿನ ನೇತ್ರಾಣಿ ಇರಬಹುದೆಂದು ಊಹಿಸಲು ಎಡೆಯಿದೆ. ಬಡಗಣಕ್ಕೆ ಹೋಗುವ ನೌಕೆ ನಿಧಾನವಾಗುವ, ಗಾಳಿಗಾಗಿ ಕಾಯುವ ಕಡಲು ಅದು. ಹೊಂಚುಹಾಕುವವರಿಗೂ ಆ ಗಾಳಿಯ ಲೆಕ್ಕ ತಿಳಿದಿತ್ತು.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕಡಲ ಪರವಾನಗಿಯ ಪದ್ಧತಿಯನ್ನು ಹೇರಿದರು. 1568–69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಕಟ್ಟಿದರು. ಗೋವೆಯ ಪೇಟೆ ಉಣ್ಣುತ್ತಿದ್ದ ಅಕ್ಕಿಯ ದೊಡ್ಡ ಪಾಲು ಈ ಅಳಿವೆಗಳಿಂದ ಹೋಗುತ್ತಿತ್ತು. ಅಕ್ಕಿಯ ದೋಣಿಗಳು ಬೆಂಗಾವಲಿನ ನೌಕೆಗಳ ಜೊತೆ ಕಾಫಿಲಾ ಎಂಬ ಗುಂಪುಗಳಾಗಿ ಬಡಗಣಕ್ಕೆ ಸಾಗುತ್ತಿದ್ದವು. ಹೊರುವ ಸರಕಿನ ದಿಕ್ಕು ಕಷ್ಟದ ದಿಕ್ಕೇ ಆಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ತುಂಬಿದ ದೋಣಿ ಎದುರುಗಾಳಿಯ ಬಡಗಣಕ್ಕೆ, ಖಾಲಿ ದೋಣಿ ಅನುಕೂಲ ಗಾಳಿಯ ತೆಂಕಣಕ್ಕೆ. ಗೋವೆಯ ಅನ್ನ ಕನ್ನಡ ಕರಾವಳಿಯ ಇರುಳಿನ ನೆಲಗಾಳಿಯನ್ನು ಅವಲಂಬಿಸಿತ್ತು ಎಂದರೆ ಅದು ಅಲಂಕಾರದ ಮಾತಾಗದು.

ದೋಣಿಯ ಭಾಷೆ, ದಂಡೆಯ ಭಾಷೆ

ಇಷ್ಟು ದೀರ್ಘಕಾಲ ನಡೆದ ಯಾನ ಕನ್ನಡದ ಬರಹದಲ್ಲಿ ಇಷ್ಟು ಕಡಿಮೆ ಕಾಣುವುದೇಕೆ? ಕನ್ನಡಿಗರು ಕಡಲಿಗೆ ಬೆನ್ನು ಮಾಡಿದವರು ಎಂಬ ಸುಲಭದ ಉತ್ತರ ಸಾಲದು. ದೋಣಿಯ ಮೇಲಿನ ಪದಗಳನ್ನು ವಿಂಗಡಿಸಿ ನೋಡಿದರೆ ಬೇರೊಂದು ಉತ್ತರ ದೊರೆಯುತ್ತದೆ.

ದೋಣಿ, ಹಾಯಿ, ಹುಟ್ಟು, ತೆರೆ, ಅಳಿವೆ ಮುಂತಾದವು ದಂಡೆಯಿಂದಲೇ ಕಾಣುವ, ನೆಲದವನಿಗೂ ಬೇಕಾಗುವ ಪದಗಳು. ಇವು ಕನ್ನಡಕ್ಕೆ ಸಹಜವಾಗಿ ಒಗ್ಗಿದವು. ನೌಕೆಯನ್ನು ನಡೆಸುವ, ನಿಲ್ಲಿಸುವ, ಆಳುವ ಪದಗಳತ್ತ ಹೋದರೆ ಚಿತ್ರ ಬದಲಾಗುತ್ತದೆ. ಚುಕ್ಕಾಣಿಯ ಮೂಲ ಅರಬ್ಬೀಯ ಸುಕ್ಕಾನ್, ಲಂಗರು, ಬಂದರು, ನಾಖುದಾ ಪಾರಸಿಯವು, ಮಾಲ್ಮಿ ಅರಬ್ಬೀಯ ಮುಅಲ್ಲಿಮ್ ಎಂಬುದರ ರೂಪ, ಖಲಾಸಿ ಅರಬ್ಬೀಯದು, ತಂಡೇಲ ಮರಾಠಿ ಕೊಂಕಣಿಗಳ ಬಳಕೆಯದು. ಪತ್ತೆಮಾರಿ ಎಂಬ ಹಡಗಿನ ಹೆಸರು ಇನ್ನೂ ಸ್ವಾರಸ್ಯಕರ. 1886ರಲ್ಲಿ ಹೊರಬಂದ ಹಾಬ್ಸನ್ ಜಾಬ್ಸನ್ ನಿಘಂಟು ಈ ಪದಕ್ಕೆ ಎರಡು ಅರ್ಥ ಕೊಡುತ್ತದೆ: ಒಂದು, ಕಾಲ್ನಡಿಗೆಯಲ್ಲಿ ಓಲೆ ಒಯ್ಯುವ ಓಲೆಕಾರ; ಇನ್ನೊಂದು, ಪಡುಗಡಲಿನ ಹಾಯಿಹಡಗು. ಸುದ್ದಿ ಒಯ್ಯುವವನ ಹೆಸರು ಸುದ್ದಿ ಒಯ್ಯುವ ನೌಕೆಗೂ ಸಂದಿತು. ನದಿಗಳ ದಂಡೆಯಲ್ಲಿ ತಡೆದು ನಿಲ್ಲಬೇಕಾಗಿದ್ದ ಓಲೆಕಾರನಿಗಿಂತ ಇರುಳಲ್ಲಿ ಸಾಗುವ ಹಾಯಿ ಬೇಗ ತಲುಪುತ್ತಿದ್ದ ನಾಡಿನಲ್ಲಿ ಈ ಅರ್ಥವಿಸ್ತಾರ ಸಹಜವೇ.

ಆ ಪದಗಳನ್ನು ಇರುಳಲ್ಲಿ ಕೂಗಿ ಬಳಸುತ್ತಿದ್ದವರು ಕಾರವಾರದ ಕಡೆಯ ಗಾಬಿತರು ಮತ್ತು ಹರಿಕಂತ್ರರು, ಕೊಂಕಣಿ ನುಡಿಯ ಖಾರ್ವಿಗಳು ಮತ್ತು ದಾಲ್ದಿಗಳು, ಭಟ್ಕಳದ ನವಾಯತರು, ಕುಂದಾಪುರದಲ್ಲಿ ಕನ್ನಡವನ್ನೂ ತೆಂಕಣದಲ್ಲಿ ತುಳುವನ್ನೂ ಆಡುವ ಮೊಗವೀರರು, ಬ್ಯಾರಿಗಳು, ಕಾಸರಗೋಡಿನ ಮಾಪಿಳ್ಳೆಯರು ಮತ್ತು ಮುಕ್ಕುವರು. ಒಂದೇ ದೋಣಿಯ ಮೇಲೆ ಎರಡು ಮೂರು ಮನೆಮಾತುಗಳಿರುವುದು ಅಪರೂಪವಾಗಿರಲಿಲ್ಲ. ದಿಕ್ಕುಗಳ ಹೆಸರುಗಳಲ್ಲಿ ಈ ನೆರೆಹೊರೆ ಚೆನ್ನಾಗಿ ಕಾಣುತ್ತದೆ. ಕನ್ನಡದ ಬಡಗು, ತೆಂಕು, ಮೂಡು, ಪಡು; ತುಳುವಿನ ಬಡಕಾಯಿ, ತೆನ್ಕಾಯಿ, ಮೂಡಾಯಿ, ಪಡ್ಡಾಯಿ. ಘಟ್ಟದ ಮೇಲಿನ ಬರಹದ ಕನ್ನಡ ಉತ್ತರ ದಕ್ಷಿಣಗಳಿಗೆ ಹೊರಳಿದ ಮೇಲೂ ಕರಾವಳಿಯ ಮಾತು ಈ ಹಳೆಯ ಪದಗಳನ್ನು ಬಿಡಲಿಲ್ಲ. ಗಾಳಿಯ ದಿಕ್ಕಿನ ಮೇಲೆ ಬದುಕು ನಿಂತವರಿಗೆ ದಿಕ್ಕು ನಿಘಂಟಿನ ಪದವಾಗಿರಲಿಲ್ಲ.

ಇದೇ ಹೊತ್ತಿನಲ್ಲಿ ದಂಡೆಯ ಮೇಲೆ ಲೆಕ್ಕ ಬರೆಯುತ್ತಿದ್ದ ಭಾಷೆ ಕನ್ನಡ. ಕೆಳದಿಯ ಅರಸರ ಆಡಳಿತವೂ, 1799ರ ನಂತರ ಇಂಗ್ಲಿಷರ ಕೆನರಾ ಜಿಲ್ಲೆಯ ಸ್ಥಳೀಯ ಕಚೇರಿಗಳೂ ಕನ್ನಡದಲ್ಲಿಯೇ ನಡೆದವು. ಕಡತದಲ್ಲಿ ಅಕ್ಕಿಯ ಮುಡಿ ಎಷ್ಟು, ಸುಂಕ ಎಷ್ಟು, ಗೇಣಿ ಎಷ್ಟು ಎಂಬುದು ಸೇರಿತು. ದೋಣಿ ಅಳಿವೆ ದಾಟಿದೊಡನೆ ಕಡತದ ಕೆಲಸ ಮುಗಿಯುತ್ತಿತ್ತು. ಇನ್ನೊಂದು ಅಳಿವೆಯಲ್ಲಿ ಅದು ಮತ್ತೆ ತೆರೆದುಕೊಳ್ಳುತ್ತಿತ್ತು. ನಡುವಿನ ರಾತ್ರಿ ಕನ್ನಡದ ಬರಹದಲ್ಲಿ ಖಾಲಿ ಸಾಲು. ಆ ಸಾಲನ್ನು ತುಂಬಿದ್ದ ಭಾಷೆಗಳು ಆಗ ಬರಹಕ್ಕೆ ಇಳಿದಿರಲಿಲ್ಲ, ಇಳಿದಿದ್ದರೂ ಕಚೇರಿಯ ಮನ್ನಣೆ ಪಡೆದಿರಲಿಲ್ಲ. ಆದ್ದರಿಂದ ಕಡಲಿನ ಕುರಿತು ಕನ್ನಡದ ಮೌನವೆಂದು ತೋರುವುದು ವಾಸ್ತವವಾಗಿ ಬರಹವಿದ್ದ ಭಾಷೆಗೂ ಬರಹವಿಲ್ಲದ ಭಾಷೆಗಳಿಗೂ ನಡುವೆ ಆದ ಕೆಲಸದ ಹಂಚಿಕೆ. ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನವಿಲ್ಲದೆ ಬಹುಸಂಖ್ಯಾತ ಭಾಷೆಯ ಚರಿತ್ರೆಯೂ ಅಪೂರ್ಣವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಗೆರೆಗಳು ಬಿದ್ದ ದಂಡೆ

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ದಂಡೆಯ ಮೇಲೆ ಒಂದೊಂದಾಗಿ ಗೆರೆಗಳು ಬಿದ್ದವು. ಕೆನರಾ ಜಿಲ್ಲೆ ಎರಡಾಗಿ, 1862ರಲ್ಲಿ ಅದರ ಉತ್ತರ ಭಾಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಭಾಗ ಮದರಾಸಿನಲ್ಲಿಯೇ ಉಳಿಯಿತು. ಭಟ್ಕಳದಿಂದ ಗಂಗೊಳ್ಳಿಗೆ ಹೋಗುವ ದೋಣಿ ಅದೇ ಗಾಳಿಯಲ್ಲಿ, ಅದೇ ಇರುಳಲ್ಲಿ ಈಗ ಎರಡು ಪ್ರಾಂತ್ಯಗಳ ನಡುವೆ ಸಾಗತೊಡಗಿತು. ದಾಖಲೆಗಳೂ ಇಬ್ಭಾಗವಾದವು. ಬೊಂಬಾಯಿಯ ಕೆನರಾ ಗ್ಯಾಸೆಟಿಯರು 1883ರಲ್ಲಿ ಬಂತು; ಮದರಾಸಿನ ದಕ್ಷಿಣ ಕೆನರಾ ಕೈಪಿಡಿ 1894–95ರಲ್ಲಿ ಬಂತು. ಒಂದೇ ಕಡ ಯಾನದ ಎರಡು ತುದಿಗಳನ್ನು ಎರಡು ಗ್ರಂಥಗಳಲ್ಲಿ ಹುಡುಕಬೇಕಾದ ಸ್ಥಿತಿ ಸಂಶೋಧಕರಿಗೆ ಅಂದಿನಿಂದ ಒದಗಿತು.

ಹಾಯಿಯ ಕೊನೆ ಒಮ್ಮೆಲೇ ಬರಲಿಲ್ಲ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಹಾಯಿಹಡಗುಗಳಿಗೆ ಹೊಸ ಸರಕು ದೊರೆಯಿತು. ಭಾರವಾದ, ಬೇಗ ಒಡೆಯುವ, ಅವಸರವಿಲ್ಲದ ಹಂಚಿಗೆ ಮಂಜಿ ಮತ್ತು ಪತ್ತೆಮಾರಿಗಳು ತಕ್ಕ ವಾಹನಗಳಾಗಿದ್ದವು. 1907ರಲ್ಲಿ ರೈಲು ತೆಂಕಣದಿಂದ ಮಂಗಳೂರಿಗೆ ಬಂತು, ಅಲ್ಲಿಗೇ ನಿಂತಿತು. ಮಂಗಳೂರಿನಿಂದ ಬಡಗಣಕ್ಕೆ ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಈ ತೊಂಬತ್ತು ವರ್ಷಗಳ ಅಂತರ ಕರಾವಳಿಯ ಒಂದು ಪಾಲನ್ನು ಮಲಬಾರಿಗೂ ಮದರಾಸಿಗೂ ಕಟ್ಟಿತು. ಇನ್ನೊಂದು ಪಾಲನ್ನು ನದಿಗಳಿಗೆ ಸೇತುವೆಗಳಾಗುವವರೆಗೆ ಕಡಲಿಗೂ ಕಡವಿಗೂ ಬಿಟ್ಟಿತು.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಯಿತು. ಉತ್ತರ ಮತ್ತು ದಕ್ಷಿಣ ಕನ್ನಡ ಒಂದೇ ರಾಜ್ಯದೊಳಗೆ ಬಂದವು. ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯವರೆಗೆ ದಕ್ಷಿಣ ಕನ್ನಡದ ಆಡಳಿತಕ್ಕೆ ಸೇರಿದ್ದ ಅಮಿನದೀವಿ ದ್ವೀಪಗಳು ಕೇಂದ್ರಾಡಳಿತಕ್ಕೆ ಒಳಪಟ್ಟವು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿದ್ದು ಎಲ್ಲರಿಗೂ ತಿಳಿದ ಸಂಗತಿ. ಆ ವಾದವಿವಾದಗಳಲ್ಲಿ ಎರಡೂ ಕಡೆಯವರು ಮಂಡಿಸಿದ್ದು ಮುಖ್ಯವಾಗಿ ನೆಲದ ಆಧಾರಗಳನ್ನು: ಜನಗಣತಿ, ಶಾಲೆ, ಭೂದಾಖಲೆ, ಶಾಸನ. ನದಿಯನ್ನು ಗಡಿಯೆಂದು ಎಣಿಸುವುದೇ ನೆಲದವನ ದೃಷ್ಟಿ. ಕಡಲಿನವನಿಗೆ ಚಂದ್ರಗಿರಿಯ ಅಳಿವೆ ಎಲ್ಲೆಯಾಗಿರಲಿಲ್ಲ, ಬಾಗಿಲಾಗಿತ್ತು. ಮಂಗಳೂರಿನಿಂದ ಒಂದು ರಾತ್ರಿಯ ದೂರದಲ್ಲಿ ಕಾಣುವ ಮೊದಲ ಬಾಗಿಲು. ಗಡಿಯ ಪ್ರಶ್ನೆಗೆ ಈ ದೃಷ್ಟಿ ಬೇರೆ ತೀರ್ಪು ಕೊಡುತ್ತಿತ್ತೆಂದಲ್ಲ. ಅಲ್ಲಿ ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿಗಳು ಒಂದರೊಡನೊಂದು ಏಕೆ ಹೆಣೆದುಕೊಂಡಿವೆ ಎಂಬುದಕ್ಕೆ ಅದು ಹೆಚ್ಚು ಸಮರ್ಪಕವಾದ ವಿವರಣೆ ಕೊಡುತ್ತದೆ.

ಎರಡು ಬಗೆಯ ಉಳಿವು

ಕಂಬಂ ಕಣಿವೆಯ ಕನ್ನಡವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡಬಹುದು. ಜೂನಿನಲ್ಲಿ ಕರಾವಳಿಯ ಅಳಿವೆಗಳನ್ನು ಮುಚ್ಚಿಸುವ ನೈರುತ್ಯದ ಮಾರುತವೇ ಸಹ್ಯಾದ್ರಿಯನ್ನು ಹಾಯ್ದು ಆ ಕಣಿವೆಯಲ್ಲಿ ಬೀಸುತ್ತದೆ. ಅದು ಪಡುವಣ ಬೆಟ್ಟಗಳ ಮೇಲೆ ಸುರಿಸಿದ ಮಳೆ, 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ಮೂಲಕ ಮೂಡಣಕ್ಕೆ ತಿರುಗಿ ಅಲ್ಲಿನ ಗದ್ದೆಗಳಿಗೆ ಹರಿಯುತ್ತದೆ. ಹಾಯಿಯವನನ್ನು ನಾಲ್ಕು ತಿಂಗಳು ಮನೆಯಲ್ಲಿ ಕೂರಿಸುವ ಮಾರುತ ಕಣಿವೆಯ ಕನ್ನಡದ ಒಕ್ಕಲಿಗನನ್ನು ಗದ್ದೆಗೆ ಇಳಿಸುತ್ತದೆ. ಒಂದೇ ಮಾರುತ ಎರಡು ಬಗೆಯ ಬದುಕನ್ನೂ, ಅವುಗಳ ಜೊತೆಗೆ ಭಾಷೆ ಉಳಿಯುವ ಎರಡು ಬಗೆಯನ್ನೂ ರೂಪಿಸಿತು. ಕಣಿವೆಯಲ್ಲಿ ಕನ್ನಡ ಉಳಿದದ್ದು ಕುಲ, ಮದುವೆ, ಮನೆದೇವರುಗಳ ಆವರಣದೊಳಗೆ, ತಾಯಿನೆಲದಿಂದ ದೂರವಾಗಿ, ಹಳೆಯ ರೂಪಗಳನ್ನು ಕಾಪಿಟ್ಟುಕೊಂಡು. ಕರಾವಳಿಯಲ್ಲಿ ಅದು ಉಳಿದದ್ದು ಸಂಪರ್ಕದಿಂದ, ಪ್ರತಿ ಋತುವಿನಲ್ಲಿ ಹೊಸ ಪದಗಳನ್ನು ಇಳಿಸಿಕೊಂಡು. ಮೊದಲನೆಯದನ್ನು ಅಧ್ಯಯನ ಮಾಡುವ ಕ್ರಮ ಎರಡನೆಯದಕ್ಕೆ ಸಾಲದು.

ಎರಡನೆಯದರ ಆಕರಗಳಿಗಾದರೋ ಹೊತ್ತು ಮೀರುತ್ತಿದೆ. 1974ರಲ್ಲಿ ಪಣಂಬೂರಿನ ಹೊಸ ಬಂದರು ದೊಡ್ಡ ಬಂದರೆಂದು ಘೋಷಿತವಾದ ಮೇಲೆ ಹಳೆಯ ಅಳಿವೆಯ ಬಂದರುಗಳು ಮೀನುಗಾರಿಕೆಗೂ ಸಣ್ಣ ವ್ಯಾಪಾರಕ್ಕೂ ಸೀಮಿತವಾದವು. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಹೋಗುವುದು ನಿಂತಿಲ್ಲ. ಆದರೆ ಅವುಗಳನ್ನು ನಡೆಸುವುದು ಎಂಜಿನ್. ಮಳೆಗಾಲದ ಬಿಡುವು ಮಾತ್ರ ಹಾಯಿಯ ಕಾಲದ ಪಂಚಾಂಗವನ್ನು ನೆನಪಿಸುತ್ತದೆ. ಎಂಜಿನ್ನಿಗೆ ನೆಲಗಾಳಿ ಬೇಡ. ಯಾವ ಕೆಲಸಕ್ಕಾಗಿ ಒಂದು ಪದ ಹುಟ್ಟಿತೋ ಆ ಕೆಲಸ ನಿಂತ ಮೇಲೆ ಪದ ಒಂದು ತಲೆಮಾರಿನವರೆಗೆ ನೆನಪಿನಲ್ಲಿರುತ್ತದೆ, ಮುಂದಿನ ತಲೆಮಾರಿಗೆ ಗಾದೆಯಲ್ಲೋ ಬೈಗುಳದಲ್ಲೋ ಉಳಿಯುತ್ತದೆ, ಅದರಾಚೆಗೆ ಇಲ್ಲ.

1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾದ ಕಿಟ್ಟೆಲ್ಲರ ನಿಘಂಟೂ, ಉಡುಪಿಯಲ್ಲಿ ಆರು ಸಂಪುಟಗಳಾಗಿ ಸಿದ್ಧವಾದ ತುಳು ನಿಘಂಟೂ ಈ ಕ್ಷೇತ್ರಕ್ಕೆ ತಳಹದಿ ಹಾಕಿವೆ. ಆದರೆ ನಿಘಂಟುಗಳು ಭಾಷೆಯೊಂದಕ್ಕೆ ಒಂದರಂತೆ ಹುಟ್ಟುತ್ತವೆ. ದೋಣಿಯ ಮಾತು ಹಾಗೆ ಹುಟ್ಟಿದ್ದಲ್ಲ. ಅದನ್ನು ಹಿಡಿಯಬೇಕಾದರೆ ಭಾಷೆಯನ್ನಲ್ಲ, ಯಾನವನ್ನೇ ಘಟಕವಾಗಿ ಇಟ್ಟುಕೊಳ್ಳಬೇಕು: ಒಂದು ಅಳಿವೆಯಿಂದ ಇನ್ನೊಂದಕ್ಕೆ, ಲಂಗರು ಎತ್ತಿದ ಕ್ಷಣದಿಂದ ಇಳಿಸಿದ ಕ್ಷಣದವರೆಗೆ, ಗಾಳಿ, ನೀರು, ಹಗ್ಗ, ಬೆಟ್ಟ, ನಕ್ಷತ್ರಗಳಿಗೆ ಕಾರವಾರದಲ್ಲಿ, ಗಂಗೊಳ್ಳಿಯಲ್ಲಿ, ಮಲ್ಪೆಯಲ್ಲಿ, ಕಾಸರಗೋಡಿನಲ್ಲಿ ಇದ್ದ ಹೆಸರುಗಳನ್ನು ಒಟ್ಟಿಗೆ ಒಂದೇ ಸಾಲಿನಲ್ಲಿ ಬರೆಯಬೇಕು. ಹಾಗೆ ಬರೆದ ಪದಕೋಶ ಕನ್ನಡದ್ದೂ ಆಗಿರುತ್ತದೆ, ಕೊಂಕಣಿ, ತುಳು, ಬ್ಯಾರಿ, ಮಲಯಾಳಂಗಳದ್ದೂ ಆಗಿರುತ್ತದೆ. ಹಾಯಿಯ ಕೆಳಗೆ ಇರುಳು ಕಳೆದ ಹಿರಿಯರು ಈ ಅಳಿವೆಗಳಲ್ಲಿ ಇನ್ನು ಕೆಲವರೇ ಉಳಿದಿರುವುದರಿಂದ, ಅವರು ಗಾಳಿಗಿಟ್ಟ ಹೆಸರುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸ ಶಾಸನಗಳ ಪ್ರತಿ ತೆಗೆಯುವ ಕೆಲಸಕ್ಕಿಂತಲೂ ಮೊದಲು ಆಗಬೇಕಾಗಿದೆ. ಕಲ್ಲಿನ ಮೇಲಿನ ಶಾಸನ ಇನ್ನೊಂದು ದಶಕ ಕಾದೀತು.